ಬೋರ್ಡ್ ಹೋಗಿದೆ ಎನ್ನುವ ಮುನ್ನ

ಕಂಪ್ಯೂಟರ್ ರಿಪೇರಿ ಅಂಗಡಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಹೇಳುವುದು ಒಂದೇ ಮಾತು: ‘ಆನ್ ಆಗ್ತಿಲ್ಲ’. ಇಷ್ಟರಿಂದ ಅಂಗಡಿಯವನಿಗೆ ಏನೂ ತಿಳಿಯುವುದಿಲ್ಲ. ಬಟನ್ ಒತ್ತಿದರೆ ದೀಪವೇ ಹತ್ತದಿದ್ದರೂ ‘ಆನ್ ಆಗ್ತಿಲ್ಲ’. ಫ್ಯಾನ್ ಗಿರ್ರನೆ ತಿರುಗಿ ಪರದೆ ಮಾತ್ರ ಕಪ್ಪಗೆ ಉಳಿದರೂ ‘ಆನ್ ಆಗ್ತಿಲ್ಲ’. ಕಂಪನಿಯ ಲಾಂಛನ ಬಂದು ಅಲ್ಲೇ ನಿಂತರೂ, ವಿಂಡೋಸ್ ಅರ್ಧ ಎದ್ದು ನೀಲಿ ಪರದೆ ತೋರಿಸಿ ಮಲಗಿದರೂ ಅದೇ ಮಾತು. ಈ ನಾಲ್ಕಕ್ಕೂ ಕಾರಣ ಬೇರೆ, ಖರ್ಚು ಬೇರೆ. ಮೊದಲನೆಯದು ವಿದ್ಯುತ್ತಿನ ತೊಂದರೆ. ಎರಡನೆಯದು ಹೆಚ್ಚಾಗಿ ರ‍್ಯಾಮ್ ಅಥವಾ ಡಿಸ್‌ಪ್ಲೇಯದು. ಮೂರು ಮತ್ತು ನಾಲ್ಕರಲ್ಲಿ ಯಂತ್ರ ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ, ಹಾಳಾಗಿರುವುದು ಡಿಸ್ಕೋ, ಸೆಟ್ಟಿಂಗೋ.

ಹಳೆಯ ಕಂಪ್ಯೂಟರನ್ನು ಎಬ್ಬಿಸುವ ವಿದ್ಯೆ ಎಂದರೆ, ಅದು ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಗುರುತಿಸುವುದು. ಅದು ಗೊತ್ತಿಲ್ಲದೆ ಒಂದೊಂದೇ ಬಿಡಿಭಾಗ ಕೊಂಡು ಹಾಕುತ್ತ ಹೋದರೆ, ಯಂತ್ರಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚು ದುಡ್ಡು ರಿಪೇರಿಗೆ ಹೋಗುತ್ತದೆ. ಕೊನೆಗೆ ‘ಬೋರ್ಡ್ ಹೋಗಿದೆ’ ಎಂಬ ತೀರ್ಪು ಬರುತ್ತದೆ. ಪರೀಕ್ಷೆ ಮಾಡಲು ಬೇಸರವಾದವರು ಕೊಡುವ ತೀರ್ಪು ಅದು ಎನ್ನುವುದು ನನ್ನ ಅನುಮಾನ.

ಸೆಕೆಂಡ್ ಹ್ಯಾಂಡ್ ಕಂಪ್ಯೂಟರುಗಳಿಗೆ ಈಗ ಸುಗ್ಗಿಯ ಕಾಲ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಪ್ರೊಸೆಸರ್ ಆಗಿದ್ದರೆ, ಕೆಲವು ವಿನಾಯಿತಿ ಬಿಟ್ಟು, ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಬೇಕು. ಹೀಗಾಗಿ ಟೈಪಿಂಗಿಗೆ, ಲೆಕ್ಕಪತ್ರಕ್ಕೆ, ಮಕ್ಕಳ ಪಾಠಕ್ಕೆ ಏನೂ ಕಮ್ಮಿಯಿಲ್ಲದ ಯಂತ್ರಗಳು ಕಚೇರಿಗಳಿಗೆ ಬೇಡವಾದವು. ಲೀಸ್ ಮುಗಿದ ಡೆಸ್ಕ್‌ಟಾಪುಗಳನ್ನು ಕಂಪನಿಗಳು ಲಾಟುಗಟ್ಟಲೆ ಹೊರಹಾಕುವುದು ಮೊದಲಿನಿಂದಲೂ ಇದ್ದದ್ದೇ. ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್.ಪಿ. ರೋಡ್, ಅವುಗಳ ದೊಡ್ಡ ನಿಲ್ದಾಣ. ಅಲ್ಲಿಂದ ಅವು ಡಿಟಿಪಿ ಅಂಗಡಿಗೆ, ಸೊಸೈಟಿ ಕಚೇರಿಗೆ, ಟ್ಯೂಷನ್ ಮನೆಗೆ, ಹಳ್ಳಿಯ ಹೈಸ್ಕೂಲಿಗೆ ಹೋಗುತ್ತವೆ.

ಹೋಗುವುದು ಬಸ್ಸಿನ ಡಿಕ್ಕಿಯಲ್ಲಿ, ಇಲ್ಲವೇ ಲಗೇಜ್ ಆಟೋದಲ್ಲಿ. ಅಂಗಡಿಯಲ್ಲಿ ಚೆನ್ನಾಗಿ ನಡೆದದ್ದು ಊರಿಗೆ ಬಂದಾಗ ಏಳುವುದಿಲ್ಲ ಎಂದರೆ ಮಾರಿದವನನ್ನು ಬೈಯುವ ಮೊದಲು ದಾರಿಯ ಹಂಪುಗಳನ್ನು ನೆನೆಯುವುದು ಒಳ್ಳೆಯದು. ಕುಲುಕಾಟಕ್ಕೆ ರ‍್ಯಾಮ್ ಕಡ್ಡಿ ಒಂದು ಕೂದಲೆಳೆಯಷ್ಟು ಮೇಲೆದ್ದರೆ ಸಾಕು, ಪರದೆ ಬರುವುದಿಲ್ಲ. ಪ್ರೊಸೆಸರ್ ಮೇಲಿನ ಹೀಟ್‌ಸಿಂಕಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಸಡಿಲವಾದರೆ ಯಂತ್ರ ಎದ್ದು, ಕೆಲವು ಕ್ಷಣಕ್ಕೆ ಕಾದು, ತಾನಾಗಿ ಆರಿಹೋಗುತ್ತದೆ. ಅದು ಕೆಟ್ಟದ್ದರಿಂದ ಆರಿದ್ದಲ್ಲ, ಸುಟ್ಟುಹೋಗದಂತೆ ತನ್ನನ್ನು ತಾನೇ ಕಾಪಾಡಿಕೊಂಡದ್ದು. ಆದ್ದರಿಂದ ಪ್ರಯಾಣ ಮಾಡಿ ಬಂದ ಯಂತ್ರಕ್ಕೆ ಮೊದಲ ಚಿಕಿತ್ಸೆ ಇಷ್ಟೇ: ಪ್ಲಗ್ ಕಿತ್ತು, ಬದಿಯ ಮುಚ್ಚಳ ತೆಗೆದು, ರ‍್ಯಾಮ್, ಕಾರ್ಡು, ಕೇಬಲ್ಲುಗಳನ್ನೆಲ್ಲ ಒಮ್ಮೆ ಬಿಚ್ಚಿ ಗಟ್ಟಿಯಾಗಿ ಕೂರಿಸುವುದು. ಊರಿಗೆ ಬಂದ ಯಂತ್ರಗಳಲ್ಲಿ ಎಷ್ಟೋ ಇಷ್ಟಕ್ಕೇ ಎದ್ದು ಕೂರುತ್ತವೆ.

ಬಟನ್ ಒತ್ತಿದಾಗ ಒಳಗೆ ಏನಾಗುತ್ತದೆ ಎಂದು ತಿಳಿದರೆ ಮುಂದಿನದೆಲ್ಲ ಸುಲಭ. ನಿಜ ಹೇಳಬೇಕೆಂದರೆ ಬಟನ್ ಒತ್ತುವ ಮೊದಲೇ ಕೆಲಸ ಶುರುವಾಗಿರುತ್ತದೆ. ಗೋಡೆಯ ಸ್ವಿಚ್ ಹಾಕಿದೊಡನೆ ಡಬ್ಬಿಯೊಳಗಿನ ವಿದ್ಯುತ್ ಪೂರೈಕೆ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ 5 ವೋಲ್ಟಿನ ಸಣ್ಣ ಸ್ಟ್ಯಾಂಡ್‌ಬೈ ವಿದ್ಯುತ್ ಕೊಡುತ್ತಿರುತ್ತದೆ. ಇಂಟೆಲ್ 1995ರಲ್ಲಿ ಎಟಿಎಕ್ಸ್ ವಿನ್ಯಾಸವನ್ನು ತಂದ ಮೇಲೆ ಚಾಲ್ತಿಗೆ ಬಂದ ಪದ್ಧತಿ ಇದು. ಅದಕ್ಕೂ ಹಿಂದಿನ ಡಬ್ಬಿಗಳಲ್ಲಿ ಮುಂಭಾಗದ ಸ್ವಿಚ್ಚಿಗೇ 230 ವೋಲ್ಟ್ ಬಂದು ಕೂತಿರುತ್ತಿತ್ತು. ಈಗಿನ ಬಟನ್ ವಿದ್ಯುತ್ತನ್ನು ಹರಿಸುವುದಿಲ್ಲ, ‘ಏಳು’ ಎಂದು ಬೋರ್ಡಿಗೆ ಸೂಚನೆ ಕೊಡುತ್ತದೆ ಅಷ್ಟೆ. ಬೋರ್ಡು ಆಗ ಎಸ್‌ಎಂಪಿಎಸ್‌ನ ಹಸಿರು ತಂತಿಯನ್ನು ಗ್ರೌಂಡಿಗೆ ಎಳೆಯುತ್ತದೆ. 12, 5, 3.3 ವೋಲ್ಟುಗಳು ಹೊರಬರುತ್ತವೆ. ಅವು ಸ್ಥಿರವಾದವು ಎಂದು ಖಚಿತವಾದ ಮೇಲೆ, ಅಂದರೆ ಹೆಚ್ಚೆಂದರೆ ಅರ್ಧ ಸೆಕೆಂಡಿನಲ್ಲಿ, ಬೂದು ಬಣ್ಣದ ತಂತಿಯಲ್ಲಿ ‘ಪವರ್ ಗುಡ್’ ಸಂಕೇತ ಹೋಗುತ್ತದೆ. ಅಲ್ಲಿಯವರೆಗೆ ಪ್ರೊಸೆಸರ್ ಕಣ್ಣು ಬಿಡುವಂತಿಲ್ಲ.

ಕಣ್ಣು ಬಿಟ್ಟ ಪ್ರೊಸೆಸರಿಗೆ ವಿಂಡೋಸ್ ಗೊತ್ತಿಲ್ಲ, ಡಿಸ್ಕ್ ಗೊತ್ತಿಲ್ಲ, ಪರದೆ ಎಂಬುದೊಂದಿದೆ ಎಂದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ವಿಳಾಸ, 4 ಜಿಬಿ ಗಡಿಗಿಂತ 16 ಬೈಟ್ ಕೆಳಗಿನದು. ಅಲ್ಲಿ ಹೋಗಿ ನೋಡಿದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯಾಸಿನ ಚಿಪ್ಪಿನಲ್ಲಿ ಮೊದಲ ಆಜ್ಞೆ ಸಿಗುತ್ತದೆ. ಬಯಾಸ್ ಆಮೇಲೆ ಒಂದೊಂದೇ ಅಂಗವನ್ನು ತಪಾಸಣೆ ಮಾಡುತ್ತ ಹೋಗುತ್ತದೆ. ಈ ತಪಾಸಣೆಯ ಹೆಸರು ಪೋಸ್ಟ್. ಮೊದಲು ರ‍್ಯಾಮ್, ಆಮೇಲೆ ಡಿಸ್‌ಪ್ಲೇ, ಕೀಬೋರ್ಡು, ಡಿಸ್ಕು. ಎಲ್ಲ ಸರಿಯಿದ್ದರೆ ಡಿಸ್ಕಿನಲ್ಲಿ ಬೂಟ್ ಆಗುವ ತಂತ್ರಾಂಶ ಹುಡುಕಿ ಅದಕ್ಕೆ ಅಧಿಕಾರ ಒಪ್ಪಿಸಿ ತಾನು ಹಿಂದೆ ಸರಿಯುತ್ತದೆ.

ರ‍್ಯಾಮ್ ತಪಾಸಣೆಯ ಹೊತ್ತಿಗೆ ಪರದೆ ಇನ್ನೂ ಎದ್ದಿರುವುದಿಲ್ಲ. ಆ ಹಂತದಲ್ಲಿ ತೊಂದರೆ ಕಂಡರೆ ಯಂತ್ರ ಬರೆದು ತೋರಿಸಲಾರದು, ಕೂಗಿಯೇ ಹೇಳಬೇಕು. ಬೀಪ್ ಇರುವುದು ಇದಕ್ಕೆ. 1981ರ ಆಗಸ್ಟ್‌ನಲ್ಲಿ ಬಂದ ಮೊದಲ ಐಬಿಎಂ ಪಿಸಿಯಲ್ಲೇ ಈ ಏರ್ಪಾಡು ಇತ್ತು. ಒಂದು ಗಿಡ್ಡ ಬೀಪ್ ಎಂದರೆ ಎಲ್ಲ ಕ್ಷೇಮ. ಒಂದು ಉದ್ದ, ಎರಡು ಗಿಡ್ಡ ಎಂದರೆ ಡಿಸ್‌ಪ್ಲೇಯಲ್ಲಿ ತೊಂದರೆ. ಈ ಕೊನೆಯ ಸಂಕೇತ ಆಮೇಲಿನ ಹಲವು ಕಂಪನಿಗಳ ಬೋರ್ಡುಗಳಲ್ಲೂ ಹಾಗೆಯೇ ಉಳಿದುಕೊಂಡಿತು. ಮಿಕ್ಕಂತೆ ಒಂದೊಂದು ಬಯಾಸಿನದು ಒಂದೊಂದು ಭಾಷೆ. ಎಚ್‌ಪಿಯ ಕಚೇರಿ ಡೆಸ್ಕ್‌ಟಾಪುಗಳಲ್ಲಿ ಪವರ್ ದೀಪ ಐದು ಸಲ ಕೆಂಪಗೆ ಮಿನುಗಿ ಐದು ಬೀಪ್ ಬಂದರೆ ರ‍್ಯಾಮ್ ದೋಷ. ಡೆಲ್‌ನ ಹಲವು ಆಪ್ಟಿಪ್ಲೆಕ್ಸ್‌ಗಳಲ್ಲಿ 1, 2, 3, 4 ಎಂದು ನಮೂದಿಸಿದ ಪುಟ್ಟ ದೀಪಗಳಿರುತ್ತವೆ. ಯಾವುದು ಹತ್ತಿದೆ, ಯಾವುದು ಇಲ್ಲ ಎಂದು ಬರೆದುಕೊಂಡು ಆ ಮಾಡೆಲ್ಲಿನ ಕೈಪಿಡಿ ನೋಡಿದರೆ ದೋಷ ಎಲ್ಲಿದೆ ಎಂದು ಸಿಗುತ್ತದೆ. ಇಷ್ಟು ಅನುಕೂಲವಿದ್ದೂ ಜನ ಆ ದೀಪಗಳ ಕಡೆ ಕಣ್ಣೆತ್ತಿ ನೋಡದೆ ಬಟನ್ನನ್ನೇ ಮತ್ತೆ ಮತ್ತೆ ಒತ್ತುತ್ತಾರೆ.

ಎಸ್.ಪಿ. ರೋಡಿನ ಒಳಗಲ್ಲಿಯೊಂದರ ರಿಪೇರಿ ಮೇಜಿನ ಮುಂದೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಕೋಲಾರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಡಬ್ಬಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ತಂದಿದ್ದರು. ಊರಿನಲ್ಲಿ ಯಾರೋ ‘ಬೋರ್ಡ್ ಹೋಗಿದೆ’ ಎಂದು ಹೇಳಿಯಾಗಿತ್ತು.

‘ಫ್ಯಾನ್ ತಿರುಗುತ್ತಾ ಸಾರ್?’ ಮೇಜಿನ ಹಿಂದಿದ್ದ ರಿಪೇರಿ ಹುಡುಗ ಕೇಳಿದ.

‘ಫ್ಯಾನೇನೋ ತಿರುಗುತ್ತಪ್ಪ. ಪರದೆ ಮಾತ್ರ ಬರಲ್ಲ.’

‘ಸೌಂಡು?’

‘ಅದನ್ನ ಗಮನಿಸಿಲ್ಲ ನೋಡು.’

ಹುಡುಗ ಮುಚ್ಚಳ ತೆಗೆದ. ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತ, ಡಿವಿಡಿ ಡ್ರೈವ್ ಕಿತ್ತ, ಹಿಂದಿದ್ದ ಗ್ರಾಫಿಕ್ಸ್ ಕಾರ್ಡ್ ತೆಗೆದು ಪಕ್ಕಕ್ಕಿಟ್ಟ. ಕೊನೆಗೆ ಎರಡು ರ‍್ಯಾಮ್ ಕಡ್ಡಿಗಳನ್ನೂ ತೆಗೆದ. ಬೋರ್ಡಿನ ಮೇಲೆ ಪ್ರೊಸೆಸರ್ ಬಿಟ್ಟರೆ ಇನ್ನೇನೂ ಉಳಿಯಲಿಲ್ಲ. ಮೇಷ್ಟ್ರ ಮುಖದಲ್ಲಿ ಗಾಬರಿ. ಹುಡುಗ ಪವರ್ ಕೊಟ್ಟು ಬಟನ್ ಒತ್ತಿದ. ಡಬ್ಬಿ ಉದ್ದುದ್ದ ಬೀಪ್ ಹಾಕತೊಡಗಿತು.

‘ಕೇಳಿಸ್ತಾ ಸಾರ್? ರ‍್ಯಾಮ್ ಎಲ್ಲಿ ಅಂತ ಕೇಳ್ತಿದೆ. ಬೋರ್ಡ್ ಹೋಗಿದ್ರೆ ಇದೂ ಬರ್ತಿರಲಿಲ್ಲ.’

ಆಮೇಲಿನ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ರ‍್ಯಾಮ್ ಕಡ್ಡಿಯ ಬಂಗಾರದ ಬಣ್ಣದ ಅಂಚನ್ನು ಶಾಲೆಯ ಮಕ್ಕಳ ಬಿಳಿ ರಬ್ಬರಿನಿಂದ ಉಜ್ಜಿ, ಪುಡಿಯನ್ನು ಬ್ರಷ್ಷಿನಿಂದ ಕೊಡವಿ, ಒಂದೇ ಕಡ್ಡಿಯನ್ನು ಮೊದಲ ಸ್ಲಾಟಿಗೆ ಹಾಕಿದ. ಲಾಂಛನ ಬಂತು. ಅದೇ ಕಡ್ಡಿಯನ್ನು ಎರಡನೆಯ ಸ್ಲಾಟಿಗೆ ಹಾಕಿದರೆ ಮತ್ತೆ ಬೀಪ್. ಎರಡೂ ಕಡ್ಡಿ ಚೆನ್ನಾಗಿದ್ದವು, ಬೋರ್ಡೂ ಚೆನ್ನಾಗಿತ್ತು, ಕೆಟ್ಟಿದ್ದದ್ದು ಒಂದು ಸ್ಲಾಟು. ದೊಡ್ಡ ಕಡ್ಡಿಯನ್ನು ಒಳ್ಳೆಯ ಸ್ಲಾಟಿನಲ್ಲಿ ಕೂರಿಸಿ, ಇನ್ನೊಂದನ್ನು ಮೇಷ್ಟ್ರ ಕೈಗೇ ಕೊಟ್ಟ.

ಆ ಹುಡುಗ ಮಾಡಿದ್ದರಲ್ಲಿ ಎರಡು ಪಾಠಗಳಿವೆ. ಯಂತ್ರವನ್ನು ಏಳಲು ಬೇಕಾದಷ್ಟಕ್ಕೇ ಇಳಿಸುವುದು ಒಂದು. ಎಸ್‌ಎಂಪಿಎಸ್, ಬೋರ್ಡು, ಪ್ರೊಸೆಸರ್, ಅದರ ಫ್ಯಾನು, ಒಂದು ರ‍್ಯಾಮ್ ಕಡ್ಡಿ, ಇಷ್ಟೇ ಇಟ್ಟುಕೊಂಡು ಶುರುಮಾಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು ಇನ್ನೊಂದು. ರ‍್ಯಾಮ್ ಉಜ್ಜಿ, ಬ್ಯಾಟರಿ, ಕೇಬಲ್ ಬದಲಿಸಿ, ಆಮೇಲೆ ಬಟನ್ ಒತ್ತಿದರೆ ಯಂತ್ರ ಎದ್ದರೂ ಏಕೆ ಎದ್ದಿತು ಎಂದು ತಿಳಿಯದು. ಮುಂದಿನ ವಾರ ಮತ್ತೆ ಮಲಗಿದಾಗ ಮೊದಲಿನಿಂದ ಶುರು.

ದೀಪವೇ ಹತ್ತದಿದ್ದರೆ

ಇಲ್ಲಿ ಮೊದಲು ನೋಡಬೇಕಾದದ್ದು ಕಂಪ್ಯೂಟರನ್ನಲ್ಲ, ಗೋಡೆಯನ್ನು. ಅದೇ ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿ. ಪವರ್ ಕಾರ್ಡನ್ನು ಮಾನಿಟರಿನದರೊಂದಿಗೆ ಅದಲುಬದಲು ಮಾಡಿ. ಡಬ್ಬಿಯ ಹಿಂದೆ ಎಸ್‌ಎಂಪಿಎಸ್‌ಗೆ ಅದರದೇ ಸಣ್ಣ ಸ್ವಿಚ್ ಇದ್ದರೆ ಅದು ಆನ್ ಇದೆಯೇ ನೋಡಿ. ಇನ್ನೂ ಹಳೆಯ ಯಂತ್ರವಾದರೆ ಅಲ್ಲೇ 115/230 ಎಂದು ಬರೆದ ಕೆಂಪು ಜಾರುಸ್ವಿಚ್ ಇರುತ್ತದೆ. ಅದು 230ರಲ್ಲೇ ಇರಬೇಕು. ಮಕ್ಕಳು ಕೈಯಾಡಿಸಿ 115ಕ್ಕೆ ಸರಿಸಿದ್ದರೆ ನಮ್ಮ ಲೈನಿಗೆ ಹಾಕಿದ ಕ್ಷಣವೇ ಢಮಾರ್, ಎಸ್‌ಎಂಪಿಎಸ್ ಮುಗಿಯಿತು.

ಡಬ್ಬಿ ಮುಟ್ಟಿದರೆ ಜುಮ್ಮೆನ್ನುತ್ತದೆ, ಟೆಸ್ಟರ್ ಇಟ್ಟರೆ ಮಂದವಾಗಿ ಹೊತ್ತುತ್ತದೆ ಎಂಬ ದೂರು ಹಳ್ಳಿಗಳಲ್ಲೂ ನಗರದ ಹಳೆಯ ಬಾಡಿಗೆ ಮನೆಗಳಲ್ಲೂ ಸಾಮಾನ್ಯ. ಎಸ್‌ಎಂಪಿಎಸ್ ಒಳಗೆ ಲೈನಿನ ಗದ್ದಲವನ್ನು ಸೋಸಲು ಎರಡು ಪುಟ್ಟ ಕೆಪಾಸಿಟರುಗಳನ್ನು ಫೇಸ್ ಮತ್ತು ನ್ಯೂಟ್ರಲ್ ಕಡೆಯಿಂದ ಡಬ್ಬಿಯ ಲೋಹಕ್ಕೆ ಜೋಡಿಸಿರುತ್ತಾರೆ. ಅರ್ಥಿಂಗ್ ಇದ್ದರೆ ಅಲ್ಲಿ ಸೋರುವ ಅಲ್ಪ ವಿದ್ಯುತ್ ನೆಲಕ್ಕೆ ಇಳಿದುಹೋಗುತ್ತದೆ. ಮೂರನೆಯ ಪಿನ್ನಿಗೆ ತಂತಿಯೇ ಇಲ್ಲದ ಮನೆಯಲ್ಲಿ ಡಬ್ಬಿ ಲೈನಿನ ಸುಮಾರು ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲುತ್ತಿರುತ್ತದೆ. ಹಾಗೆಂದು ಇದು ಕಂಪ್ಯೂಟರಿನ ದೋಷವಲ್ಲ, ಮನೆಯದು. ಆದರೆ ಅಂಥ ಡಬ್ಬಿಗೆ ಪ್ರಿಂಟರ್ ಕೇಬಲ್ಲನ್ನೋ ಟಿವಿ ಕೇಬಲ್ಲನ್ನೋ ಸಿಕ್ಕಿಸುವಾಗ ಕಿಡಿ ಹಾರಿ ಪೋರ್ಟು ಸುಡಬಹುದು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿಮಾಡಿಸದೆ ಒಳಗಿನ ರಿಪೇರಿಗೆ ಕೈ ಹಾಕಬೇಡಿ.

ಗೋಡೆ ಸರಿಯಿದ್ದು ಡಬ್ಬಿ ಸುಮ್ಮನಿದ್ದರೆ ಆಗ ಎಸ್‌ಎಂಪಿಎಸ್ ಸರದಿ. 24 ಪಿನ್ನಿನ ಸಾಮಾನ್ಯ ಎಸ್‌ಎಂಪಿಎಸ್ ಆದರೆ ಅದನ್ನು ಬೋರ್ಡಿನಿಂದ ಬಿಡಿಸಿ, ಲೈನಿಗೆ ಹಾಕುವ ಮೊದಲೇ ಹಸಿರು ತಂತಿಯ ಪಿನ್ನಿಗೂ ಯಾವುದಾದರೂ ಕಪ್ಪು ತಂತಿಯ ಪಿನ್ನಿಗೂ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿ, ಆಮೇಲೆ ಸ್ವಿಚ್ ಹಾಕಿದರೆ ಅದರ ಫ್ಯಾನ್ ತಿರುಗಬೇಕು. ತಿರುಗಿದರೂ ಪೂರ್ತಿ ನಂಬುವಂತಿಲ್ಲ. ಮಲ್ಟಿಮೀಟರಿನಲ್ಲಿ ಹಳದಿ ತಂತಿ 11.4ರಿಂದ 12.6ರ ನಡುವೆ, ಕೆಂಪು 4.75ರಿಂದ 5.25ರ ನಡುವೆ ತೋರಿಸಬೇಕು. ಆದರೆ ಎಚ್ಚರ: 2013ರಿಂದ ಈಚಿನ ಡೆಲ್ ಆಪ್ಟಿಪ್ಲೆಕ್ಸ್ 9020, 7020ರಂಥವುಗಳಲ್ಲಿ 24 ಪಿನ್ನಿನ ಕನೆಕ್ಟರೇ ಇಲ್ಲ, 8 ಪಿನ್ನಿನ ಅವರದೇ ನಮೂನೆ ಇದೆ. ಅಂಥವಕ್ಕೆ ಪೇಟೆಯಲ್ಲಿ ಸಿಗುವ ಮಾಮೂಲಿ ಎಸ್‌ಎಂಪಿಎಸ್ ನೇರವಾಗಿ ಕೂರುವುದಿಲ್ಲ. ಕಚೇರಿಯಿಂದ ಬಂದ ಹಳೆಯ ಬ್ರಾಂಡೆಡ್ ಯಂತ್ರ ಅಗ್ಗವಾಗಿ ಸಿಕ್ಕಿತು ಎಂದು ಹಿಗ್ಗುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿದ ಡಿಸಿ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಉಳಿದಿರಬಹುದು. ಬಿಸಿಯ ಆಸೆಗೆ ಗಾಳಿಕಿಂಡಿಯಿಂದ ನುಗ್ಗಿದ ಹಲ್ಲಿ ಅಲ್ಲಿ ಸುಟ್ಟು ಕರಕಲಾಗಿರುವುದನ್ನು ರಿಪೇರಿಯವರೆಲ್ಲ ನೋಡಿರುತ್ತಾರೆ. ಹಲ್ಲಿಗೆ ಆದದ್ದು ನಮಗೂ ಆಗಬಹುದು.

ಮಲೆನಾಡಿನವರಿಗೆ, ಕರಾವಳಿಯವರಿಗೆ ಇನ್ನೊಂದು ಕಾಟವಿದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತಿಟ್ಟರೂ ಲ್ಯಾನ್ ಕೇಬಲ್ ಹಾಗೆಯೇ ಬಿಟ್ಟಿರುತ್ತಾರೆ. ಸಿಡಿಲು ದೂರದಲ್ಲೆಲ್ಲೋ ಹೊಡೆದರೂ ಅದರ ಏಟು ಹೊರಗಿನ ತಾಮ್ರದ ತಂತಿಯಲ್ಲಿ ಹರಿದು ಮೋಡೆಮ್ಮಿಗೆ, ಅಲ್ಲಿಂದ ಬೋರ್ಡಿಗೆ ಬರುತ್ತದೆ. ಲ್ಯಾನ್ ಚಿಪ್ ಸುಟ್ಟು ಶಾರ್ಟ್ ಆದ ಬೋರ್ಡು ಏಳದೆಯೂ ಇರಬಹುದು. ಇಂಥದ್ದನ್ನು ಮಾತ್ರ ‘ಬೋರ್ಡ್ ಹೋಗಿದೆ’ ಎಂದರೆ ಒಪ್ಪಬೇಕು.

ಇನ್ನು ದೀಪ ಹತ್ತಿ, ಫ್ಯಾನ್ ತಿರುಗಿ ಪರದೆ ಮಾತ್ರ ಕಪ್ಪಗಿರುವಾಗ ರ‍್ಯಾಮ್ ನೋಡಿಯಾದ ಮೇಲೆ ಎರಡು ಸಣ್ಣ ಸಂಗತಿ ನೋಡಿ. ಪ್ರೊಸೆಸರ್ ಪಕ್ಕದಲ್ಲಿ 4 ಪಿನ್ನಿನ ಪ್ರತ್ಯೇಕ ಪವರ್ ಕನೆಕ್ಟರ್ ಇರುತ್ತದೆ. ಅದು ಕಳಚಿದ್ದರೆ ಫ್ಯಾನುಗಳೆಲ್ಲ ತಿರುಗುತ್ತವೆ, ಪ್ರೊಸೆಸರಿಗೆ ಮಾತ್ರ ಅನ್ನವಿಲ್ಲ. ಎರಡನೆಯದು, ಗ್ರಾಫಿಕ್ಸ್ ಕಾರ್ಡ್ ಇರುವ ಡಬ್ಬಿಗೆ ಮಾನಿಟರ್ ಕೇಬಲ್ಲನ್ನು ಬೋರ್ಡಿನ ಪೋರ್ಟಿಗೆ ಸಿಕ್ಕಿಸಿರುವುದು. ಕಾರ್ಡ್ ಕಂಡೊಡನೆ ಬೋರ್ಡು ತನ್ನ ಪೋರ್ಟನ್ನು ಮುಚ್ಚಿಬಿಡುವುದು ಸಾಮಾನ್ಯ. ಕೇಬಲ್ಲನ್ನು ಎರಡು ಇಂಚು ಕೆಳಗಿನ ಕಾರ್ಡಿನ ಪೋರ್ಟಿಗೆ ಹಾಕಿದರೆ ಪರದೆ ಪ್ರತ್ಯಕ್ಷ.

ಉಬ್ಬಿದ ತಲೆಗಳು

ಯಂತ್ರ ತೀರಾ ಹಳೆಯದಾದರೆ, 2000ದ ದಶಕದ್ದಾದರೆ, ಬೋರ್ಡಿನ ಮೇಲಿನ ಕೆಪಾಸಿಟರುಗಳನ್ನು ಟಾರ್ಚ್ ಹಾಕಿ ನೋಡಲೇಬೇಕು. ಪೆನ್ಸಿಲ್ ತುಂಡಿನಷ್ಟೆತ್ತರದ ಸಿಲಿಂಡರುಗಳು, ಪ್ರೊಸೆಸರ್ ಸುತ್ತ ಸಾಲಾಗಿ ನಿಂತಿರುತ್ತವೆ. ಅವುಗಳ ನೆತ್ತಿ ಚಪ್ಪಟೆಯಾಗಿರಬೇಕು. ಗುಮ್ಮಟದಂತೆ ಉಬ್ಬಿದ್ದರೆ, ನೆತ್ತಿಯ ಗೀರು ಬಿರಿದು ಕಂದು ಅಂಟು ಹೊರಬಂದಿದ್ದರೆ ಆ ಕೆಪಾಸಿಟರ್ ಮುಗಿದಂತೆ.

ಇದಕ್ಕೊಂದು ಇತಿಹಾಸವಿದೆ. 2000ದ ದಶಕದ ಮೊದಲ ವರ್ಷಗಳಲ್ಲಿ ತಯಾರಾದ ಲೆಕ್ಕವಿಲ್ಲದಷ್ಟು ಕೆಪಾಸಿಟರುಗಳು ಆಯಸ್ಸು ಮುಗಿಯುವ ಮೊದಲೇ ಉಬ್ಬಿ ಸೋರತೊಡಗಿದವು. ಹಲವು ತೈವಾನ್ ಕಂಪನಿಗಳ ಮಾಲಿನಲ್ಲಿ ಒಳಗಿನ ದ್ರಾವಣವೇ ದೋಷಪೂರಿತವಾಗಿತ್ತು. ಕೆಡುತ್ತ ಅನಿಲ ಉತ್ಪತ್ತಿಯಾಗಿ ಡಬ್ಬಿ ಉಬ್ಬುತ್ತಿತ್ತು. ಜಪಾನಿನ ಹೆಸರಾಂತ ನಿಚಿಕಾನ್ ಕಂಪನಿಯ ಮಾಲಿಗೂ ತೊಂದರೆ ತಪ್ಪಲಿಲ್ಲ. ಡೆಲ್‌ನ ಆಪ್ಟಿಪ್ಲೆಕ್ಸ್ ಜಿಎಕ್ಸ್270, ಜಿಎಕ್ಸ್280 ಮಾದರಿಗಳು ಇದಕ್ಕೆ ಕುಖ್ಯಾತವಾದವು. ದೋಷಪೂರಿತ ಯಂತ್ರಗಳ ದುರಸ್ತಿಗೆಂದು ಡೆಲ್ 2005ರಲ್ಲಿ 30 ಕೋಟಿ ಡಾಲರ್ ಎತ್ತಿಡಬೇಕಾಯಿತು. ಆಪಲ್‌ನ ಐಮ್ಯಾಕ್ ಜಿ5ಗೂ ಅದೇ ಕಾಯಿಲೆ ಬಂದು, ಕಂಪನಿ ರಿಪೇರಿ ಯೋಜನೆಯನ್ನೇ ಘೋಷಿಸಿತು. ಕಚೇರಿಗಳಲ್ಲಿ ನೂರಾರು ಸಂಖ್ಯೆಯಲ್ಲಿದ್ದ ಯಂತ್ರಗಳು ಒಂದರ ಹಿಂದೆ ಒಂದು ಮಲಗಿದಾಗ ಬಳಸುವವರ ತಪ್ಪೆಂದು ತಿಳಿದವರೂ ಇದ್ದರು.

ಈ ಕಾಯಿಲೆಯ ಲಕ್ಷಣ ವಿಚಿತ್ರವಾದದ್ದು. ಬೆಳಿಗ್ಗೆ ಒತ್ತಿದರೆ ಏಳುವುದಿಲ್ಲ. ಐದಾರು ಸಲ ಒತ್ತಿದರೆ ಒಮ್ಮೆ ಎದ್ದು, ಆಮೇಲೆ ದಿನವೆಲ್ಲ ಸುಸೂತ್ರ. ಒಣಗಿದ ಕೆಪಾಸಿಟರ್ ತಣ್ಣಗಿದ್ದಾಗ ವೋಲ್ಟೇಜನ್ನು ಸಮವಾಗಿ ಹಿಡಿಯಲಾರದು, ಬೆಚ್ಚಗಾದಂತೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಇದನ್ನು ತಿಳಿಯದೆ ರಾತ್ರಿಯೂ ಆಫ್ ಮಾಡದೆ ಯಂತ್ರ ನಡೆಸುವ ಕಚೇರಿಗಳುಂಟು. ಬೆಸುಗೆ ಕೈವಶವಿರುವವರು ಹಳೆಯದನ್ನು ತೆಗೆದು ಅಷ್ಟೇ ಮೈಕ್ರೋಫ್ಯಾರಡ್ಡಿನ, ಅಷ್ಟೇ ಅಥವಾ ಹೆಚ್ಚಿನ ವೋಲ್ಟಿನ, 105 ಡಿಗ್ರಿ ಎಂದು ಬರೆದಿರುವ ಒಳ್ಳೆಯ ಕೆಪಾಸಿಟರ್ ಹಾಕುತ್ತಾರೆ. ಪಟ್ಟಿಯಿರುವ ಬದಿ ಮೈನಸ್. ಅದನ್ನು ತಿರುವುಮುರುವು ಮಾಡಿದರೆ ಸಿಡಿಯುತ್ತದೆ. ಈಚಿನ ಬೋರ್ಡುಗಳಲ್ಲಿ ದ್ರಾವಣವಿಲ್ಲದ ಘನ ಪಾಲಿಮರ್ ಕೆಪಾಸಿಟರುಗಳು ಬಂದಿರುವುದರಿಂದ ಈ ಕಾಟ ಬಹಳ ತಗ್ಗಿದೆ.

ನಾಣ್ಯದ ಬ್ಯಾಟರಿಯ ಕಿತಾಪತಿ

ಬೋರ್ಡಿನ ಮೇಲೆ ಎರಡು ರೂಪಾಯಿ ನಾಣ್ಯದ ಹಾಗೆ ಕಾಣುವ ಸಿಆರ್2032 ಬ್ಯಾಟರಿ ಇರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಕರೆಂಟ್ ಇಲ್ಲದಾಗ ಗಡಿಯಾರವನ್ನು, ಬಯಾಸ್ ಸೆಟ್ಟಿಂಗುಗಳನ್ನು ಉಳಿಸುವುದು ಇದರ ಕೆಲಸ. ಗೋಡೌನಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಯಂತ್ರದಲ್ಲಿ ಇದು ಸತ್ತಿರುವ ಸಂಭವ ಹೆಚ್ಚು. ಸತ್ತಿದೆ ಎಂಬುದಕ್ಕೆ ಸುಲಭ ಗುರುತು, ತಾರೀಖು ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಿರುವುದು.

ತಾರೀಖು ತಪ್ಪಿದರೆ ಏನಂತೆ ಎನ್ನಬೇಡಿ. ಬ್ಯಾಂಕಿನ ವೆಬ್‌ಸೈಟ್ ತೆರೆಯುವುದಿಲ್ಲ, ಭದ್ರತಾ ಪ್ರಮಾಣಪತ್ರ ಸರಿಯಿಲ್ಲ ಎಂದು ಬ್ರೌಸರ್ ತಡೆಯುತ್ತದೆ. ಇಂಟರ್‌ನೆಟ್ ಕೆಟ್ಟಿದೆ ಎಂದು ಜನ ಮೋಡೆಮ್ ರಿಪೇರಿಯವನನ್ನು ಕರೆಸುತ್ತಾರೆ. ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಡಿಸ್ಕನ್ನು ಯಾವ ವಿಧಾನದಲ್ಲಿ ಓದಬೇಕು ಎಂಬುದೂ ಬಯಾಸಿನ ಸೆಟ್ಟಿಂಗು: ಎಎಚ್‌ಸಿಐ, ಐಡಿಇ, ರೇಡ್ ಎಂದು ಮೂರು ಬಗೆ. ಬ್ಯಾಟರಿ ಸತ್ತು ಸೆಟ್ಟಿಂಗು ಫ್ಯಾಕ್ಟರಿಯದಕ್ಕೆ ಮರಳಿದಾಗ ಈ ವಿಧಾನ ಬದಲಾದರೆ ವಿಂಡೋಸ್ ತನ್ನ ಡಿಸ್ಕನ್ನೇ ಗುರುತಿಸದೆ ನೀಲಿ ಪರದೆ ತೋರಿಸುತ್ತದೆ. ವಿಂಡೋಸ್ 7ರಲ್ಲಿ ಆ ಪರದೆಯ ಕೆಳಗೆ 0x0000007ಬಿ ಎಂಬ ಸಂಕೇತ ಕಾಣುತ್ತದೆ. ಅಂಗಡಿಯವನು ವಿಂಡೋಸ್ ಹೊಸದಾಗಿ ಹಾಕಿ ದುಡ್ಡು ಎಣಿಸಿಕೊಳ್ಳುತ್ತಾನೆ, ಮಗಳ ಮದುವೆ ಫೋಟೋಗಳು ಅಳಿಸಿಹೋಗುತ್ತವೆ. ಬೇಕಾಗಿದ್ದದ್ದು ಒಂದು ಹೊಸ ಬ್ಯಾಟರಿ, ಬಯಾಸಿನಲ್ಲಿ ಒಂದು ಸಾಲಿನ ತಿದ್ದುಪಡಿ.

ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದರೆ ತಲೆಕೆಟ್ಟ ಸೆಟ್ಟಿಂಗುಗಳೂ ಅಳಿಸಿ ಯಂತ್ರ ಕೆಲವೊಮ್ಮೆ ತಾನಾಗಿ ಏಳುತ್ತದೆ. ಪ್ಲಗ್ ಕಿತ್ತಿರಬೇಕು ಅಷ್ಟೆ. ಆದರೆ ಕಂಪನಿ ಲ್ಯಾಪ್‌ಟಾಪುಗಳ ಬಯಾಸ್ ಪಾಸ್‌ವರ್ಡ್ ಈ ಉಪಾಯಕ್ಕೆ ಜಗ್ಗುವುದಿಲ್ಲ. ಅದು ಬೇರೆ ಚಿಪ್ಪಿನಲ್ಲಿ ಬ್ಯಾಟರಿಯ ಹಂಗಿಲ್ಲದೆ ಕೂತಿರುತ್ತದೆ. ಪಾಸ್‌ವರ್ಡ್ ಕೇಳುವ ಲ್ಯಾಪ್‌ಟಾಪ್ ಅಗ್ಗಕ್ಕೆ ಬಂದರೆ ಕೊಳ್ಳಬೇಡಿ. ಕದ್ದ ಮಾಲೂ ಆಗಿರಬಹುದು.

ಇನ್ನು ಬ್ಯಾಟರಿ ಸರಿಯಿದ್ದೂ, ಲಾಂಛನ ಬಂದು, ಬೂಟ್ ಮಾಡಲು ಏನೂ ಇಲ್ಲ ಎಂಬ ಸಾಲು ಕಂಡರೆ ನಿಮ್ಮ ಯಂತ್ರದ ಮುಕ್ಕಾಲು ಭಾಗ ಆರೋಗ್ಯವಾಗಿದೆ ಎಂದು ಸಂತೋಷಪಡಿ. ಹಿಂದೆ ಮುಂದೆ ಸಿಕ್ಕಿಸಿರುವ ಪೆನ್‌ಡ್ರೈವ್‌ಗಳನ್ನೆಲ್ಲ ಮೊದಲು ಕೀಳಿ, ಯಂತ್ರ ಅದರಲ್ಲೇ ವಿಂಡೋಸ್ ಹುಡುಕುತ್ತ ಕೂತಿರಬಹುದು. ಬಯಾಸ್ ಒಳಗೆ ಹೋಗಿ ಡಿಸ್ಕಿನ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ಕೇಬಲ್ ಬದಲಿಸಿ. ಇದ್ದೂ ಏಳದಿದ್ದರೆ ಯುಇಎಫ್‌ಐ, ಲೆಗಸಿ ಎಂಬ ಎರಡು ಬೂಟ್ ವಿಧಾನಗಳಲ್ಲಿ ಆಯ್ಕೆ ಅದಲುಬದಲಾಗಿರಬಹುದು. ಡಿಸ್ಕ್ ಟಕ್ ಟಕ್ ಎಂದು ಒಂದೇ ಸಮನೆ ಸದ್ದು ಮಾಡುತ್ತಿದ್ದರೆ ತಕ್ಷಣ ಆಫ್ ಮಾಡಿ. ಒಳಗೆ ಬೇಕಾದ ಕಡತಗಳಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಅವು ಉಳಿಯುವ ಸಾಧ್ಯತೆ ಕುಗ್ಗುತ್ತದೆ.

ಡಿಸ್ಕೋ ಬೋರ್ಡೋ ಎಂಬ ಅನುಮಾನ ಬಗೆಹರಿಸಲು ಲಿನಕ್ಸ್ ಮಿಂಟ್ ತುಂಬಿದ ಪೆನ್‌ಡ್ರೈವಿಗಿಂತ ಒಳ್ಳೆಯ ಉಪಕರಣವಿಲ್ಲ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಪೂರ್ತಿ ವ್ಯವಸ್ಥೆ ಎದ್ದು ನಿಂತರೆ ಮಿಕ್ಕದ್ದೆಲ್ಲ ಸರಿಯಿದೆ ಎಂದಾಯಿತು. ಹಳೆಯ ಕಡತಗಳನ್ನು ಅಲ್ಲಿಂದಲೇ ಬೇರೆಡೆಗೆ ನಕಲು ಮಾಡಿಕೊಳ್ಳಬಹುದು. ಆಮೇಲೆ ಹಾರ್ಡ್ ಡಿಸ್ಕಿನ ಜಾಗಕ್ಕೆ ಸಣ್ಣ ಎಸ್‌ಎಸ್‌ಡಿ ಹಾಕಿದರೆ ಹತ್ತು ವರ್ಷದ ಯಂತ್ರವೂ ಚುರುಕಾಗುತ್ತದೆ. 64 ಬಿಟ್ ಗೊತ್ತಿಲ್ಲದ ತೀರಾ ಹಳೆಯ ಪ್ರೊಸೆಸರ್ ಆದರೆ ಮಾತ್ರ ದಾರಿ ಕಿರಿದಾಗುತ್ತಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರನ್ನೇ ಕೊಟ್ಟಿಲ್ಲ.

ಎಲ್ಲಿಗೆ ನಿಲ್ಲಿಸಬೇಕು ಎಂಬುದೂ ತಿಳಿದಿರಬೇಕು. ಬ್ಯಾಟರಿ, ರಬ್ಬರು, ಕೇಬಲ್, ಹೀಟ್‌ಸಿಂಕಿನಡಿ ಹಚ್ಚುವ ಥರ್ಮಲ್ ಪೇಸ್ಟ್ ಇವಕ್ಕೆ ಯೋಚಿಸಬೇಕಾಗಿಲ್ಲ. ರ‍್ಯಾಮ್, ಎಸ್‌ಎಂಪಿಎಸ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಸರಿ. ಹಳೆಯ ಮಾದರಿಗೆ ಬೋರ್ಡನ್ನೇ ಬದಲಿಸಿ ಎಂದರೆ ನಾನು ಬೇಡ ಎನ್ನುತ್ತೇನೆ. ಅಷ್ಟು ದುಡ್ಡಿಗೆ ಅಂಥದ್ದೇ ಇನ್ನೊಂದು ಇಡೀ ಯಂತ್ರ ಬರುವ ಸಂಭವ ಹೆಚ್ಚು. ಮಲಗಿದ್ದನ್ನು ಗುಜರಿಯವನ ತಳ್ಳುಗಾಡಿಗೆ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಡಿಸ್ಕ್ ಮಾತ್ರ ಕಿತ್ತು ನಿಮ್ಮಲ್ಲೇ ಇಟ್ಟುಕೊಳ್ಳಿ.

ಇನ್ನು ಕೊಳ್ಳಲು ಹೊರಟವರಿಗೆ ಒಂದು ಮಾತು. ಅಂಗಡಿಯಲ್ಲಿ ಆಗಲೇ ಎದ್ದು ನಿಂತಿರುವ ಯಂತ್ರವನ್ನು ನೋಡಿ ಒಪ್ಪಬೇಡಿ. ಆಫ್ ಮಾಡಿಸಿ, ಪ್ಲಗ್ ಕೀಳಿಸಿ, ಪಕ್ಕದಲ್ಲಿ ಒಂದು ಕಾಫಿ ಕುಡಿದು ಬಂದು ತಣ್ಣಗಾದ ಮೇಲೆ ನಿಮ್ಮೆದುರೇ ಆನ್ ಮಾಡಿಸಿ. ಬಯಾಸ್ ಒಳಗೆ ಹೋಗಿ ತಾರೀಖು ಉಳಿದಿದೆಯೇ, ಪಾಸ್‌ವರ್ಡ್ ಕೇಳುತ್ತದೆಯೇ ನೋಡಿ, ಆ ಪರದೆಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ.